ದೀವಿಹಾಳದ ಹಗಲುದೀಪ

ನಡುವೆ ಬಾಯಿ ಹಾಕಬೇಡಿ, ಮೊದಲೇ ಹೇಳಿದ್ದೇನೆ. “ಅಜ್ಜಗ ಮುಂಜಾನಿ ಉಂಡದ್ದ ಸಂಜಿಗೆ ನೆನಪಿರೂದಿಲ್ಲ, ಅರವತ್ತ ವರ್ಷದ ಹಿಂದಿಂದ ಏನ್ ಹೇಳ್ತಾನ” ಎಂದು ನಕ್ಕಿದ್ದೀರಲ್ಲ, ಅದನ್ನೂ ಕೇಳಿಸಿಕೊಂಡೆ. ಮುಂಜಾನೆ ಉಂಡದ್ದು ನೆನಪಿಡುವಂಥದ್ದಾಗಿರಲಿಲ್ಲ, ಮರೆತೆ. ಲಾಡಸಾಬನ ಉಡಿದಾರದಿಂದ ಚಾವಿ ಬಿಡಿಸಿದ್ದನ್ನು ಮರೆಯಲು ನನಗೇನು ಹುಚ್ಚು ಹಿಡಿದಿಲ್ಲ. ಪರದೆಯ ಈಚೆ ನೀರಿನ ಕೊಡ ಹಿಡಿದು ನಿಂತವನೇ ನಾನು.

ಪರದೆಯ ಆಚೆ ಹೆಣಕ್ಕೆ ಸ್ನಾನ ಮಾಡಿಸಲು ಅಬ್ದುಲಸಾಬ ಮುಲ್ಲಾ ಕೂತಿದ್ದ. ಉಡಿದಾರದ ಗಂಟು ಬಿಗಿದು ಕಲ್ಲಾಗಿತ್ತು. ಉಗುರಿಗೆ ಬಗ್ಗಲೊಲ್ಲದು.

“ಕತ್ತರಿಸಿಬಿಡ್ರಿ ಮುಲ್ಲಾ ಅವರ, ಹೊತ್ತಾಗಲಿಕ್ಕತ್ತದ. ಜೀಪು ಬಾದಾಮಿ ಬಿಟ್ಟದಂತ” ಎಂದು ಅಂಗಳದಿಂದ ದತ್ತಾತ್ರೇಯರಾವ್ ಕೂಗಿದ.

“ಸತ್ತಾವ್ನ ಸೊಂಟಾ ರಾಯರ ಇದು, ಟಪಾಲಿನ ಚೀಲ ಅಲ್ಲ” ಎಂದ ಮುಲ್ಲಾ ಒಳಗಿನಿಂದ. “ತಡೀರಿ.”

ದತ್ತಾತ್ರೇಯರಾವ್ ನಮ್ಮೂರ ಸಂಗ್ರಹಾಲಯದ ಮೇಲ್ವಿಚಾರಕ. ಮೊದಲು ಸಾಲಿ ಮಾಸ್ತರನಾಗಿದ್ದ. ಕೆಟ್ಟವನೆಂದು ನಾನು ಹೇಳುವುದಿಲ್ಲ, ನೌಕರಿಗೆ ಹೆದರುವವನು. ಲಾಡಸಾಬ ಅದೇ ಸಂಗ್ರಹಾಲಯದ ಕಾವಲುಗಾರ. ಆ ದಿನ ಬೆಳಗಿನ ಜಾವ ಮೆಟ್ಟಿಲು ಗುಡಿಸುತ್ತ ಕೂತವನು ಕಸಬರಿಗೆ ಹಿಡಿದೇ ಹೋಗಿಬಿಟ್ಟಿದ್ದ. ಚಾವಿ ಅವನ ಮೈಮೇಲೆ ಉಳಿಯಿತು. ಸಂಗ್ರಹಾಲಯ ನೋಡಲು ದೊಡ್ಡ ಸಾಹೇಬರೊಬ್ಬರು ಬರುವ ದಿನವೂ ಅದೇ ಆಗಿತ್ತು.

ಕೊನೆಗೆ ಗಂಟು ಬಿಚ್ಚಿತು. ಮುಲ್ಲಾ ಪರದೆಯ ಸಂದಿಯಿಂದ ಚಾವಿ ಚಾಚಿದ. ದತ್ತಾತ್ರೇಯರಾವ್ ಕೈ ಮುಂದೆ ಮಾಡುವಷ್ಟರಲ್ಲಿ ಲಾಡಸಾಬನ ಹೆಂಡತಿ ಅಮೀನಬಿ ಅದನ್ನು ತೆಗೆದುಕೊಂಡು ಸೆರಗಿಗೆ ಗಂಟು ಹಾಕಿಕೊಂಡಳು.

“ದೀಪಾ ಹಚ್ಚಿಸ್ರಿ, ಕೊಡ್ತೇನಿ.”

“ದೀಪಾ? ಮ್ಯೂಜಿಯಮ್ಮಿನ ದೀಪಾ?” ದತ್ತಾತ್ರೇಯರಾವ್ ಸುತ್ತಲೂ ನೋಡಿದ. “ಅಮೀನಬೀ, ನಿನ್ನ ದುಃಖ ನನಗ ತಿಳೀತದ. ಆದ್ರ ನಿಯಮ ಅದ. ಊರಾಗಿನ ಸಾವಿಗೆ ಸರಕಾರದ ವಸ್ತು ಮುಟ್ಟೂಹಂಗಿಲ್ಲ.”

ಹೆಣದ ಮನೆಯ ಕಟ್ಟೆಯ ಮೇಲೆ ಗುರುಸಿದ್ದವ್ವ ಕೂತಿದ್ದಳು, ಪಕ್ಕದ ಓಣಿಯ ಮುದುಕಿ. ಅವಳ ನಾಲಿಗೆಗೆ ಊರ ಗೌಡನೂ ಹೆದರುತ್ತಿದ್ದ.

“ಯಾಕ್ರಿ ರಾಯರ, ಹ್ವಾದ ತಿಂಗಳ ಪುಣೇದವ್ರು ಬಂದಾಗ ನಡು ಮಧ್ಯಾಹ್ನ ಹಚ್ಚಿದ್ರಲ್ಲ. ಅವತ್ತ ನಿಮ್ಮ ನೇಮಾ ಉಂಡು ಮಲಗಿತ್ತೇನು?”

“ಅದು ಪ್ರದರ್ಶನ, ಗುರುಸಿದ್ದವ್ವಾ.”

“ಇದೂ ಪ್ರದರ್ಶನ ಅಂತ ತಿಳಕೋರಿ. ಸತ್ತಾವ ಹೆಂಗಿರ್ತಾನ ಅಂತ ನಿಮ್ಮ ಸಾಹೇಬಗ ತೋರ್ಸ್ರಿ.”

ಅಮೀನಬಿ ಇಬ್ಬರ ಕಡೆಗೂ ನೋಡಲಿಲ್ಲ. “ನನ್ನ ಮಗಳು ಆಚಿ ದಂಡ್ಯಾಗ ಅದಾಳ. ದೀಪಾ ಕಂಡ್ರ ಬರ್ತಾಳ. ಅಪ್ಪನ ಮಾರಿ ನೋಡ್ತಾಳ. ಆಚಿ ಮಂದಿ ಕುಣಿ ತಗೀತಾರ. ಅಷ್ಟ ನಾ ಕೇಳೂದು.”

*

ಹೊಸಬರಿಗೆ ಇದು ತಿಳಿಯುವುದಿಲ್ಲ, ಹೇಳಬೇಕು. ದೀವಿಹಾಳದ ಕೆರೆಯ ಈಚೆ ದಂಡೆ ಪೂರ್ತಿ ಕೆಂಪು ಬಂಡೆ. ಗುದ್ದಲಿ ಹಾಕಿದರೆ ಕಿಡಿ ಹಾರುತ್ತದೆಯೇ ಹೊರತು ಕುಣಿ ಆಗುವುದಿಲ್ಲ. ಆಚೆ ದಂಡೆಯ ಸಣ್ಣದಿನ್ನಿ ಊರಿನಲ್ಲಿ ಎರೆಮಣ್ಣು. ಹೆಣ ಹೂಳುವ ಮಂದಿಯೆಲ್ಲ, ಲಿಂಗಾಯತರಿರಲಿ ಮುಸಲ್ಮಾನರಿರಲಿ, ಸತ್ತ ಮೇಲೆ ನೀರು ದಾಟಲೇಬೇಕು.

ಈಚೆ ದಂಡೆಯ ಬಂಡೆಯ ಮೇಲೆ ಮೂರು ಅಂತಸ್ತಿನ ಗೋಪುರವಿದೆ. ಯಾವ ಅರಸ ಕಟ್ಟಿಸಿದನೋ, ಯಾವ ಸೆಟ್ಟಿ ಕಟ್ಟಿಸಿದನೋ. ತುದಿಯಲ್ಲಿ ನೀರಿನ ಕಡೆ ಬಾಯಿ ತೆರೆದ ಗವಿಯಂಥ ಗೂಡು. ಗೂಡಿನಲ್ಲಿ ಎತ್ತಿನ ತಲೆಯಷ್ಟು ದಪ್ಪ ಕಬ್ಬಿಣದ ದೀಪ, ಸುತ್ತಲೂ ಬತ್ತಿ. ಇಳಕಲ್ಲಿನ ಸೀರೆಯ ಗಂಟು, ಗುಳೇದಗುಡ್ಡದ ಖಣದ ಗಂಟು ಹೊತ್ತವರು ಸಂಜೆ ಹರಿಗೋಲಿನಲ್ಲಿ ದಾಟುತ್ತಿದ್ದ ಕಾಲದಲ್ಲಿ ಅವರಿಗೆ ದಾರಿ ತೋರಿಸಿದ್ದು ಆ ದೀಪ. ಅದಕ್ಕೆ ಕುಸುಬಿ ಎಣ್ಣೆ ಹಾಕಿ ಕಾಯುವುದು ಲಾಡಸಾಬನ ಮನೆತನದ ಕೆಲಸ. ಅವನ ಮೈ ಸದಾ ಎಣ್ಣೆಯ ಕಮಟು. “ನನ್ನ ಸವತಿ ಮ್ಯಾಲ ಕುಂತಾಳ, ಇಳದ ಬಂದ ಮ್ಯಾಲೂ ಆಕಿ ವಾಸನೀನ” ಎಂದು ಅಮೀನಬಿ ಬಾವಿಯ ಕಟ್ಟೆಯಲ್ಲಿ ನಗಿಸುತ್ತಿದ್ದಳು.

ಆಮೇಲೆ ರಸ್ತೆ ಬಂತು, ಬಸ್ಸು ಬಂತು. ಗಂಟು ಹೊತ್ತವರು ಕೆರೆ ಸುತ್ತಿ ಬಸ್ಸಿನಲ್ಲಿ ಹೋದರು. ಸಂಜೆಯ ದೀಪ ತಾನಾಗಿಯೇ ನಿಂತಿತು. ಹಗಲುದೀಪ ನಿಲ್ಲಲಿಲ್ಲ.

ಹಗಲಲ್ಲಿ ದೀಪ ಉರಿದರೆ ಈಚೆ ಯಾರೋ ಸತ್ತಿದ್ದಾರೆಂದೇ ಅರ್ಥ. ಆ ಕತ್ತಲ ಗೂಡಿನಲ್ಲಿ ಕೆಂಪು ಚುಕ್ಕೆ ಕಂಡೊಡನೆ ಸಣ್ಣದಿನ್ನಿಯವರು ನೇಗಿಲು ನಿಲ್ಲಿಸಿ ಗುದ್ದಲಿ ಹಿಡಿಯುತ್ತಿದ್ದರು. ನೆಂಟರಿದ್ದವರು ತಮ್ಮ ಹರಿಗೋಲು ಹತ್ತಿ ಮುಖ ನೋಡಲು ಬರುತ್ತಿದ್ದರು. ಸುದ್ದಿ ಹೇಳಲೆಂದು ಈಚೆಯಿಂದ ಯಾರೂ ಹೋಗುತ್ತಿರಲಿಲ್ಲ. ಹೆಣಕ್ಕೆಂದು ತೊಳೆದ ಹರಿಗೋಲು ಹೆಣವಿಲ್ಲದೆ ನೀರಿಗಿಳಿಯಬಾರದು. ಅದು ನಮ್ಮ ಪದ್ಧತಿ.

ಗುರುಸಿದ್ದವ್ವನ ಗಂಡ ಸತ್ತಾಗ ಗಾಳಿ ಹುಚ್ಚು ಹಿಡಿದು ಬೀಸುತ್ತಿತ್ತು. ಹರಿಗೋಲು ನಡುನೀರಿನಲ್ಲಿ ತಿರುಗತೊಡಗಿತು. ಲಾಡಸಾಬ ತನ್ನ ರುಮಾಲು ಬಿಚ್ಚಿ ಎರಡೂ ಕೈಯಲ್ಲಿ ಅಗಲಿಸಿ, ಬೆನ್ನನ್ನು ಗಾಳಿಗೆ ಕೊಟ್ಟು ದೀಪ ಆರದಂತೆ ಅಡ್ಡ ನಿಂತ. ಹರಿಗೋಲು ಆಚೆ ಮುಟ್ಟಿದ ಮೇಲೆಯೇ ಇಳಿದದ್ದು. ರುಮಾಲಿನ ಅಂಚು ಸುಟ್ಟಿತ್ತು, ಮೀಸೆಯ ಒಂದು ಕಡೆಯೂ ಸುಟ್ಟಿತ್ತು. ಗುರುಸಿದ್ದವ್ವ ಅಳುತ್ತಿದ್ದವಳು ಅವನ ಮೀಸೆ ನೋಡಿ ನಕ್ಕುಬಿಟ್ಟಳಂತೆ. ಗಂಡ ಸತ್ತ ದಿನ ನಕ್ಕ ಹೆಂಗಸು ಎಂದು ಊರು ಆಡಿಕೊಂಡಿತು.

*

ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದಿತು. ಅದರ ಹಿಂದೆಯೇ ಇಲಾಖೆಯ ಮಂದಿ ಬಂದು ಗೋಪುರವನ್ನು ಅಳೆದರು. ಇದು ವಿಜಯಸ್ತಂಭ ಎಂದರು.

“ಯಾರು ಯಾರನ್ನ ಗೆದ್ದಿದ್ರಿ?” ಎಂದು ಹರಿಗೋಲಿನ ಪಾಂಡಪ್ಪ ಕೇಳಿದ.

“ಸಂಶೋಧನೆ ನಡೆದಿದೆ” ಎಂದರು.

ಹೊಲದಲ್ಲಿ ಬಿದ್ದಿದ್ದ ತಲೆಯಿಲ್ಲದ ದೇವರು, ನಮ್ಮ ಹೆಂಗಸರು ಬಟ್ಟೆ ಒಗೆಯುತ್ತಿದ್ದ ವೀರಗಲ್ಲು, ಎಲ್ಲ ಗೋಪುರದೊಳಗೆ ಸೇರಿದವು. ಬಾಗಿಲಿಗೆ ಬೀಗ ಬಂತು. ಲಾಡಸಾಬನಿಗೆ ಖಾಕಿ ಅಂಗಿ ಬಂತು. ದೀಪ ಇದ್ದಲ್ಲೇ ಉಳಿಯಿತು, ಅದರ ಕೊರಳಿಗೆ ಒಂದು ಚೀಟಿ ಕಟ್ಟಿದರು.

ಉದ್ಘಾಟನೆಯ ದಿನ ಮಾವಿನ ತೋರಣ, ಬ್ಯಾಂಡು, ಕುರ್ಚಿ. ದತ್ತಾತ್ರೇಯರಾವ್ ಹೊಸ ಕೋಟು ಹಾಕಿಕೊಂಡು ಲಾಡಸಾಬನ ಹೆಗಲ ಮೇಲೆ ಕೈಯಿಟ್ಟ.

“ಇಷ್ಟ ದೊಡ್ಡ ದೀಪಾ ಇಟಗೊಂಡು ಉದ್ಘಾಟನಿಗೆ ಹಣತಿ ಹಚ್ಚೂದೇನೋ? ಹತ್ತು ಮ್ಯಾಲ, ಹಚ್ಚು.”

“ಸಂಜಿತನಾ ತಡೀರಿ ರಾಯರ. ಹಗಲ ಹಚ್ಚಿದ್ರ ಆಚಿ ಮಂದಿ ಕುಣಿ ತಗೀತಾರ.”

“ಸಂಜಿಗೆ ಸಾಹೇಬ್ರು ಬಿಜಾಪುರದಾಗ ಇರಬೇಕು.”

“ಹಂಗಾರ ಇವತ್ತ ಸತ್ತಾವ್ರ ಹೆಸರ ಹೇಳ್ರಿ. ಹಚ್ಚತೇನಿ.”

ಈ ಮಾತು ಕುರ್ಚಿಯ ಮೇಲಿನ ಅತಿಥಿಯ ಕಿವಿಗೆ ಬಿತ್ತು. ದೊಡ್ಡ ಮನುಷ್ಯ, ನಕ್ಕು ಎದ್ದು ನಿಂತ. “ಮೂಢನಂಬಿಕೆ ಸತ್ತಿತು ಎಂದು ತಿಳಿದುಕೊಂಡು ಹಚ್ಚಪ್ಪಾ” ಎಂದ. ಚಪ್ಪಾಳೆ ಬಿತ್ತು. ನಾವೂ ತಟ್ಟಿದೆವು, ಸುಳ್ಳು ಯಾಕೆ.

ಲಾಡಸಾಬ ಹತ್ತಿದ, ಹಚ್ಚಿದ, ಇಳಿದ. ಕೊರಳಿಗೆ ಹಾರ ಹಾಕಿ ಅತಿಥಿಯ ಪಕ್ಕ ನಿಲ್ಲಿಸಿದರು. ಭಾಷಣ ನಡೆದಿತ್ತು. ಫೋಟೋದವನು ಮೂರು ಕಾಲಿನ ಪೆಟ್ಟಿಗೆ ನಿಲ್ಲಿಸಿ ಕರಿಬಟ್ಟೆಯೊಳಗೆ ತಲೆ ಹಾಕಿದ್ದ. ಆಗ ಆಚೆಯ ಹರಿಗೋಲು ಬಂದು ಬಂಡೆಗೆ ಬಡಿಯಿತು.

ಮೊದಲು ಇಳಿದವಳು ಲಾಡಸಾಬನ ಮಗಳು ರಂಜಾನಬಿ. ಸಣ್ಣದಿನ್ನಿಯ ಚಮನಸಾಬನ ಸೊಸೆ. ಆ ವಾರ ಅಮೀನಬಿ ಜ್ವರ ಬಂದು ಮಲಗಿದ್ದಳು, ಅದು ಮಗಳಿಗೆ ಗೊತ್ತಿತ್ತು. ದೀಪ ಕಂಡಿತು, ತಾಯಿ ಹೋದಳು ಎಂದುಕೊಂಡಳು. ಕೂದಲು ಕೆದರಿ, ಎರಡೂ ಕೈ ಮೇಲೆತ್ತಿ, “ಅಮ್ಮಾ” ಎಂದು ಬಾಯಿಬಿಟ್ಟು ಅಳುತ್ತ ತೋರಣದ ಕೆಳಗಿನಿಂದ ಓಡಿಬಂದಳು. ಹಿಂದೆ ಚಮನಸಾಬ, ಮೊಣಕಾಲವರೆಗೆ ಕುಣಿಯ ಕರಿಮಣ್ಣು. ಎದುರಿಗೆ ಹಾರ ಹಾಕಿಕೊಂಡ ಅಪ್ಪ, ಬ್ಯಾಂಡು, ಪೇಢೆ.

ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. “ಜನರ ಉತ್ಸಾಹ ನೋಡಿ” ಎಂದ ಅತಿಥಿ. ಫೋಟೋದವನು ಗುಂಡಿ ಒತ್ತಿದ.

ಲಾಡಸಾಬ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಕೊರಳ ಹಾರ ತೆಗೆದು ಕುರ್ಚಿಯ ಮೇಲಿಟ್ಟು ಮಗಳನ್ನು ಮನೆಗೆ ಕರೆದುಕೊಂಡು ಹೋದ. ಮರುದಿನ ಪಾಂಡಪ್ಪನ ಸಣ್ಣ ಹರಿಗೋಲು ಕೇಳಿ ತೆಗೆದುಕೊಂಡು ಒಬ್ಬನೇ ಆಚೆ ಹೋದ. ತೋಡಿದ ಕುಣಿ ಬರಿದೇ ಬಿಡಬಾರದು, ಮುಚ್ಚಿ ಬಂದ. ಖಾಕಿ ಅಂಗಿಗೆ ಕರಿಮಣ್ಣು ಮೆತ್ತಿತ್ತು. ಅಲ್ಲಿ ಯಾರಿಗೆ ಏನು ಹೇಳಿದನೋ, ಈಚೆ ಬಂದು ತುಟಿ ಬಿಚ್ಚಲಿಲ್ಲ.

ಆಮೇಲೆ ಅವನು ಬತ್ತಿ ಮುಟ್ಟಲಿಲ್ಲ. ದೊಡ್ಡ ಮಂದಿ ಬಂದಾಗಲೆಲ್ಲ ದತ್ತಾತ್ರೇಯರಾವ್ ತಾನೇ ಧೋತರ ಎತ್ತಿ ಕಟ್ಟಿ ಹತ್ತಿ ಹಗಲುದೀಪ ಹಚ್ಚುತ್ತಿದ್ದ. ಊರಿನ ಹೆಣಗಳಿಗೆ ದೀಪವಿಲ್ಲ, ಅದು ಇಲಾಖೆಯ ವಸ್ತು. ಆದರೂ ಹೆಣ ಒಯ್ದಾಗಲೆಲ್ಲ ಆಚೆ ಕುಣಿ ತಯಾರಿರುತ್ತಿತ್ತು. ಸುದ್ದಿ ಹೇಗೋ ಮುಟ್ಟಿದೆ, ಬಸ್ಸು ಓಡಾಡುತ್ತದಲ್ಲ ಎಂದುಕೊಂಡೆವು. ಲಾಡಸಾಬ ಆ ದಿನಗಳಲ್ಲಿ ಮುಂಜಾನೆ ಸಣ್ಣ ಹರಿಗೋಲು ತೆಗೆದುಕೊಂಡು ಮೀನಿಗೆ ಹೋಗುತ್ತಿದ್ದ. ಒಂದು ಮೀನೂ ತರುತ್ತಿರಲಿಲ್ಲ. ಅದಕ್ಕೂ ನಾವು ನಗುತ್ತಿದ್ದೆವು.

*

ಜೀಪಿನ ಧೂಳು ಗುಡ್ಡದ ತಿರುವಿನಲ್ಲಿ ಕಂಡಾಗ ದತ್ತಾತ್ರೇಯರಾವ್ ಬೆವತ.

“ಆತು ಮಾರಾಯ್ತಿ, ಹಚ್ಚತೇನಿ. ಚಾವಿ ಕೊಡು.”

“ಹೆಣಾ ಆಚಿ ಮುಟ್ಟೂತನಾ ಆರಿಸಬಾರ್ದು.”

“ಆರಿಸೂದಿಲ್ಲ.”

“ಮಗಳ ಆಣಿ ಮಾಡ್ರಿ.”

“ನನಗ ಮಗಳಿಲ್ಲ.”

“ಅದಕ್ಕ ನಿಮಗಿದು ಹೊಳೀಲಿಲ್ಲ” ಎಂದು ಅಮೀನಬಿ ಸೆರಗು ಬಿಚ್ಚಿ ಚಾವಿ ಕೊಟ್ಟಳು.

ಗುರುಸಿದ್ದವ್ವ ತನ್ನ ಮನೆಯಿಂದ ಕುಸುಬಿ ಎಣ್ಣೆಯ ಗಡಿಗೆ ತಂದಳು. ದತ್ತಾತ್ರೇಯರಾವ್ ಹತ್ತಿದ. ಹೊತ್ತು ನೆತ್ತಿಯಿಂದ ಸ್ವಲ್ಪ ವಾಲಿತ್ತು. ಗೂಡಿನಲ್ಲಿ ಕೆಂಪು ಮೂಡಿತು. ಕೆಳಗೆ ಹೆಣ ಮಲಗಿಸಿದ ಜನಾಜಾ ಇಟ್ಟುಕೊಂಡು ನಿಂತವರೆಲ್ಲ ಮೇಲೆ ನೋಡಿದೆವು. ಮುಲ್ಲಾನ ಕಣ್ಣು ಒದ್ದೆಯಾಯಿತು.

ಆಗಲೇ ಜೀಪು ಬಂದು ನಿಂತಿತು. ಸಾಹೇಬ, ಅವನ ಹೆಂಡತಿ, ಎರಡು ಮಕ್ಕಳು. ಸಾಹೇಬ ತಲೆಯೆತ್ತಿ ನೋಡಿ ಹಿಗ್ಗಿದ. “ಅರೆ! ದೀಪ ಹಚ್ಚಿಸಿದ್ದೀರಿ! ನಮಗೋಸ್ಕರವೇ?”

ದತ್ತಾತ್ರೇಯರಾವ್ ಮೆಟ್ಟಿಲ ಮೇಲಿದ್ದ. ನಮ್ಮನ್ನು ನೋಡಿದ, ಅಮೀನಬಿಯನ್ನು ನೋಡಿದ.

“ಹೌದ್ರಿ, ಸಾಹೇಬ್ರ” ಎಂದ.

ಗುರುಸಿದ್ದವ್ವ ನೆಲಕ್ಕೆ ಉಗುಳಿದಳು. ಅಮೀನಬಿ ಮಾತ್ರ, “ಏನಾರ ಅನ್ಲಿ ಬಿಡ ಯಕ್ಕಾ. ಉರಿಯಾಕತ್ತೈತಲ್ಲ” ಎಂದಳು.

ನಮಾಜು ಮುಗಿಯಿತು. ಪಾಂಡಪ್ಪ ದೊಡ್ಡ ಹರಿಗೋಲು ತೊಳೆದು ಚಾಪೆ ಹಾಸಿದ. ಕಾಯುತ್ತ ಕೂತೆವು. ಅಮೀನಬಿ ಬಂಡೆಯ ತುದಿಗೆ ಹೋಗಿ ಕೂತಳು.

“ಹರಗೋಲ ಹೊಂಟೈತೇನೋ ಪಾಂಡಪ್ಪಾ? ನನ್ನ ಕಣ್ಣಿಗೆ ಕಾಣವಲ್ದು.”

“ಹೊಂಡತೈತಿ ತಡೀಬೇ. ಹೊಲದಾಗಿಂದ ಮನಿಗೆ ಬಂದು ಹೊಂಡಬೇಕಲ್ಲ.”

ಇನ್ನೂ ಸ್ವಲ್ಪ ಹೊತ್ತು ಹೋಯಿತು.

“ಈಗ?”

“ಕುಣಿ ತಗ್ಯಾಕತ್ತಿರಬೇಕು. ಎರಿ ಒಣಗೇತಿ, ತಡಾ ಆಗ್ತೈತಿ.”

“ಕುಣಿ ಚಮನಸಾಬ ತಗೀತಾನ. ಮಗಳು ಯಾಕ ಬರವಲ್ಲಳು?”

ಪಾಂಡಪ್ಪ ಹುಟ್ಟು ಕೈಗೆತ್ತಿಕೊಂಡ. “ನಾನ ಹೋಗಿ ಕರಕೊಂಡ ಬರ್ಲ್ಯಾ?” ಎಂದ.

“ಏ ಹುಚ್ಚಾ, ತೊಳದ ಹರಗೋಲ ಬರೇ ಇಳಸ್ತೀಯೇನು?” ಎಂದಳು ಗುರುಸಿದ್ದವ್ವ. ಮುಲ್ಲಾನೂ ಬೇಡವೆಂದ. ನಾವೆಲ್ಲರೂ ಬೇಡವೆಂದೆವು. ದೀಪ ಉರಿಯುತ್ತಿರುವಾಗ ಸುದ್ದಿ ಹೇಳಲು ಯಾಕೆ ಹೋಗಬೇಕು? ಎಲ್ಲರ ಕಣ್ಣಿಗೆ ಕಾಣುತ್ತಿತ್ತು, ಅಷ್ಟು ಚೆಂದ ಉರಿಯುತ್ತಿತ್ತು.

ಬಿಸಿಲು ಹಳದಿಯಾಯಿತು. ಮುಲ್ಲಾ ಪಶ್ಚಿಮಕ್ಕೆ ನೋಡಿ, “ಅಮೀನಾ, ಹೊತ್ತ ಮುಣಗೂದರಾಗ ಮಣ್ಣ ಕೊಡಬೇಕು” ಎಂದ.

ಅವಳು ಎದ್ದು ಬಂದು ಗಂಡನ ಮುಖದ ಬಟ್ಟೆ ಸರಿಸಿದಳು. ಮೂಗು ಹತ್ತಿರ ಒಯ್ದಳು. “ಸಾಬಾಣದಾಗ ತೊಳದೀರಿ. ಎಣ್ಣಿ ವಾಸನಿ ಹೋತು” ಎಂದಳು. ಬಟ್ಟೆ ಮುಚ್ಚಿದಳು.

“ಒಯ್ರಿ. ಆಕಿ ದಂಡ್ಯಾಗ ನಿಂತಿರ್ತಾಳ. ಅಲ್ಲೇ ಮಾರಿ ತೋರ್ಸ್ರಿ.”

*

ಹೆಣದ ಜೊತೆ ನಾವೂ ಹರಿಗೋಲು ಹತ್ತಿದೆವು. ಪಾಂಡಪ್ಪನ ಹುಟ್ಟು ನೀರಿಗೆ ಬೀಳುವ ಸಪ್ಪಳವಷ್ಟೇ. ಆಚೆ ದಂಡೆ ಹತ್ತಿರವಾಯಿತು. ಗುದ್ದಲಿ ಹಿಡಿದವರು ಕಾಣಲಿಲ್ಲ. ಹೆಂಗಸರು ಕಾಣಲಿಲ್ಲ. ಚಮನಸಾಬ ಒಬ್ಬನೇ ಮೊಣಕಾಲುದ್ದ ನೀರಿನಲ್ಲಿ ನಿಂತು ಎಮ್ಮೆಯ ಮೈ ತಿಕ್ಕುತ್ತಿದ್ದ.

“ಏನಲೇ ಪಾಂಡಪ್ಪಾ, ಇವತ್ತ ಎಲ್ಲಿಂವ ಸಾಹೇಬ?” ಎಂದು ದೂರದಿಂದಲೇ ಕೂಗಿದ. “ಮಧ್ಯಾಹ್ನದಿಂದ ಉರಿಯಾಕತ್ತೈತಿ. ಭಾಳ ದೊಡ್ಡ ಕುಳಾ ಇರಬೇಕು!”

ಪಾಂಡಪ್ಪ ಹುಟ್ಟು ಹಾಕುವುದನ್ನು ನಿಲ್ಲಿಸಿದ. ಹರಿಗೋಲು ತಾನಾಗಿಯೇ ತೇಲುತ್ತ ಹೋಗಿ ಕೆಸರಿಗೆ ತಾಗಿತು. ಆಗ ಚಮನಸಾಬನಿಗೆ ಹಸಿರು ಚಾದರ ಹೊದಿಸಿದ ಜನಾಜಾ ಕಂಡಿತು. ಕೈಯಲ್ಲಿದ್ದ ಹುಲ್ಲಿನ ಸಿಂಬೆ ನೀರಿಗೆ ಬಿತ್ತು.

“ಯಾರಿದು?”

ಮುಲ್ಲಾ ಚಾದರದ ಅಂಚು ಸರಿಮಾಡಿದ.

“ಇಲ್ಲ. ಇವತ್ತ ಸಾವಾಗಿಲ್ಲ” ಎಂದ ಚಮನಸಾಬ, ನಮಗೇ ಬುದ್ಧಿ ಹೇಳುವವನಂತೆ. “ಸಾವಾದ್ರ ಲಾಡಸಾಬ ಬಂದ ಹೇಳ್ತಾನ. ‘ಹಗಲದೀಪಾ ಕಂಡ್ರ ಇನ್ನ ಯಾರೂ ಓಡಿ ಬರಬ್ಯಾಡ್ರಿ, ಮಗಳನ್ನಂತೂ ಕಳಸಬ್ಯಾಡ್ರಿ, ಅದು ಸಾಹೇಬ್ರ ದೀಪ. ಖರೇ ಸಾವಾದ್ರ ನಾನ ಬಂದ ಹೇಳ್ತೇನಿ’ ಅಂತ ಆ ಕುಣಿ ಮುಚ್ಚಿದ ದಿನಾ ನನ್ನ ಕೈ ಹಿಡದ ಹೇಳಿ ಹ್ವಾದ. ಎಲ್ಲಾ ಹೆಣಕ್ಕೂ ಬಂದ ಹೇಳ್ಯಾನ, ಒಂದ ಬಿಟ್ಟಿಲ್ಲ. ಇವತ್ತ ಬಂದಿಲ್ಲ. ಲಾಡಸಾಬ ಬಂದಿಲ್ಲೋ, ಪಾಂಡಪ್ಪಾ.”

ಪಾಂಡಪ್ಪ ಹುಟ್ಟನ್ನು ಅಡ್ಡ ಇಟ್ಟ.

“ಬಂದಾನ” ಎಂದ. “ಹಿಡಿ, ಇಳಸ್ಕೊ.”

ರಂಜಾನಬಿ ಮೇಲಿನ ಹೊಲದಿಂದ ಜೋಳದ ಕಣಕಿಯ ಹೊರೆ ಹೊತ್ತು ಇಳಿದು ಬರುತ್ತಿದ್ದಳು. ಮಧ್ಯಾಹ್ನವೇ ದೀಪ ನೋಡಿದ್ದಳಂತೆ. ನೋಡಿ, ಅದಕ್ಕೆ ಬೆನ್ನು ಮಾಡಿ ಕೂತು ಕಣಕಿ ಕಟ್ಟಿದ್ದಳಂತೆ. ನಮ್ಮ ನಡುವಿನ ಚಾದರ ನೋಡಿ ನಿಂತಳು. ಈ ಸಲ ಬಾಯಿ ತೆರೆಯಲಿಲ್ಲ, ಕೈ ಎತ್ತಲಿಲ್ಲ. ಹೊರೆಯನ್ನೂ ಇಳಿಸಲಿಲ್ಲ. ಮುಲ್ಲಾ ಬಟ್ಟೆ ಸರಿಸಿ ಅಪ್ಪನ ಮುಖ ತೋರಿಸಿದಾಗಲೂ ಹೊರೆ ಅವಳ ತಲೆಯ ಮೇಲೆಯೇ ಇತ್ತು. ಯಾರೋ ಒಬ್ಬರು ಹಿಂದಿನಿಂದ ಬಂದು ಅದನ್ನು ಇಳಿಸಬೇಕಾಯಿತು.

ಗುದ್ದಲಿ ತಂದು ಅಗೆಯಲು ನಿಂತೆವು. ಹೊತ್ತು ಮುಳುಗಿತು. ಕುಣಿ ಇನ್ನೂ ಸೊಂಟದಷ್ಟೂ ಆಗಿರಲಿಲ್ಲ. ಒಮ್ಮೆ ನಡು ನೆಟ್ಟಗೆ ಮಾಡಲು ತಲೆಯೆತ್ತಿದೆ. ಕೆರೆಯ ಆಚೆ ದೀಪ ಉರಿಯುತ್ತಿತ್ತು. ಅದರ ಬೆಳಕಿನಲ್ಲಿ ಸಾಹೇಬನ ಮಕ್ಕಳಿಬ್ಬರು ಗೋಪುರದ ತುದಿಯಲ್ಲಿ ನಿಂತು ನಮ್ಮ ಕಡೆಗೆ ಕರವಸ್ತ್ರ ಬೀಸುತ್ತಿದ್ದರು.

*

ಇಷ್ಟು. ಇನ್ನು ನನ್ನ ನೆನಪು ಸುಳ್ಳು ಎನ್ನುವವರು ದೀವಿಹಾಳಕ್ಕೆ ಹೋಗಿ ನೋಡಲಿ. ಇದನ್ನು ಕೇಳಿದವರು ನಿಮ್ಮಲ್ಲೇ ಇಟ್ಟುಕೊಂಡು ಕೂಡಬೇಡಿ, ಆ ಕಡೆ ಹೋಗುವವರಿಗೆ ದಾಟಿಸಿ. ಗೋಪುರದ ಒಳಗೆ ಹೋದರೆ ಎಡಗಡೆಯ ಗೋಡೆಯ ಮೇಲೆ ಉದ್ಘಾಟನೆಯ ಫೋಟೋ ಇದೆ, ಗಾಜು ಹಾಕಿದ್ದಾರೆ. ಲಾಡಸಾಬನ ಮುಖಕ್ಕೆ ಹಾರ ಅಡ್ಡ ಬಂದಿದೆ. ಬಲಗಡೆಯ ಮೂಲೆಯಲ್ಲಿ ಕೂದಲು ಕೆದರಿದ ಒಬ್ಬ ಹೆಂಗಸು, ಎರಡೂ ಕೈ ಮೇಲೆ, ಬಾಯಿ ತೆರೆದಿದೆ. ಕೆಳಗೆ ‘ಹರ್ಷೋದ್ಗಾರ ಮಾಡುತ್ತಿರುವ ಗ್ರಾಮಸ್ಥರು’ ಎಂದು ಬರೆದಿದ್ದಾರೆ. ಅಲ್ಲಿ ನಿಮ್ಮ ಪಕ್ಕದಲ್ಲಿ ಯಾರೇ ನಿಂತಿರಲಿ, ಅವರಿಗೆ ಹೇಳಿ. ಅವಳ ಹೆಸರು ರಂಜಾನಬಿ. ಅವಳು ಕೂಗುತ್ತಿರುವುದು “ಅಮ್ಮಾ” ಎಂದು.